ಆಯುಧಪೂಜೆಗೆ ಮಾತ್ರ ತೆರೆಯುತ್ತಿದ್ದ ಪ್ರೋಗ್ರಾಂ

ಮೇಡಂ ಅವರ ಹೆಬ್ಬೆರಳಿನ ಉಗುರು ಸೀಳಿತ್ತು. ಯೋಚನೆಗೆ ಬಿದ್ದರೆ ಆ ಸೀಳಿನಿಂದ ಮೇಜಿನ ಅಂಚು ಕೆರೆಯುತ್ತಿದ್ದರು. ಎಡಗೈಯೋ ಬಲಗೈಯೋ, ಈಗ ಹೇಳಲಾರೆ. ಆ ಸದ್ದು ಮಾತ್ರ ಖಚಿತ. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಅಕ್ಕಿ ಗಿರಣಿಯಲ್ಲಿ ಲೆಕ್ಕಪತ್ರವೆಲ್ಲ ಅವರದು, ನಾನು ಅವರ ಕೈಕೆಳಗಿನವಳು. ಗಿರಣಿಯಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದೆವು.

ಒಂದು ಸುಗ್ಗಿಯಲ್ಲಿ ಆಫೀಸಿನ ಕಂಪ್ಯೂಟರ್ ಒಂದು ತೂಕದ ಚೀಟಿ ಕೊಡಲೂ ಹೆಣಗುತ್ತಿತ್ತು. ಭತ್ತದ ಲಾರಿಗಳು ಗೇಟಿನಾಚೆ ಹಾರನ್ ಹೊಡೆಯುತ್ತಿದ್ದವು. ಗಿರಣಿಯ ಸಾಹುಕಾರರು ರೋಸಿ, "ಸಂಕ್ರಾಂತಿ ಕಳುದ್ರೆ ಲೆಕ್ಕ ಎಲ್ಲಾ ಮೈಸೂರ್ ಕಂಪ್ನಿಯೋರ್ಗೆ ಕೊಟ್ಬುಡ್ತೀನಿ," ಎಂದರು. ಹಾಗಾದರೆ ನಮ್ಮ ಆಫೀಸೇ ಇಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬೇರೆ ಊರಲ್ಲಿ ಕೆಲಸ ಹುಡುಕುವುದು ನನ್ನಿಂದಾಗದ ಮಾತು.

ಮೇಡಂ ಪ್ರೋಗ್ರಾಂಗಳನ್ನೆಲ್ಲ ಒಂದೊಂದಾಗಿ ನೋಡತೊಡಗಿದರು: ಇದು ಯಾರಿಗೆ ಬೇಕು, ಕಡೆಯ ಸಲ ತೆರೆದದ್ದು ಯಾವಾಗ? ಬೇಡವೆನಿಸಿದ್ದನ್ನೂ ಕೂಡಲೇ ಅಳಿಸುತ್ತಿರಲಿಲ್ಲ. ಅದು ತಾನಾಗಿ ಶುರುವಾಗದಂತೆ ಮಾಡಿ, "ಯಾರಾರ ಕೂಗಾಡ್ಕಂಡ್ ಬತ್ತಾರಾ ನೋಡಣ," ಎಂದು ಕಾಯುತ್ತಿದ್ದರು. ಯಾರೂ ಬರದಿದ್ದರೆ ತೆಗೆಯುವುದು. ಹೀಗೆ ಇಸ್ಪೀಟು ಆಟಗಳು ಹೋದವು, ಎಂದೋ ಗುಜರಿಗೆ ಹಾಕಿದ ಪ್ರಿಂಟರಿನದೂ ಹೋಯಿತು.

ಹಳೆಯ ಬಿಲ್ಲಿನ ಪ್ರೋಗ್ರಾಂ ಮಾತ್ರ ಜಗ್ಗಲಿಲ್ಲ. ತೀರಿಹೋದ ದೊಡ್ಡ ಸಾಹುಕಾರರು ಹಾಕಿಸಿದ್ದು. ಎಷ್ಟು ನಿಲ್ಲಿಸಿದರೂ ಮರುದಿನ ಒಳಗೊಳಗೇ ಎದ್ದು ತೂಕದ ಯಂತ್ರಕ್ಕೆ ಜೋತುಬಿದ್ದು ಚೀಟಿಯನ್ನು ತಡೆಯುತ್ತಿತ್ತು. ಕಡೆಯ ಸಲ ತೆರೆದ ದಿನ ನೋಡಿದರೆ ಆಯುಧಪೂಜೆ. ಹೌದು, ಪ್ರತಿ ವರ್ಷ ಅದನ್ನೇ ತೆರೆದು, ಪರದೆಗೆ ವಿಭೂತಿ ಹಚ್ಚಿ, ಮಂಗಳಾರತಿ ಎತ್ತಿ ಮುಚ್ಚುತ್ತಿದ್ದೆವು. ಬೇರೆ ದಿನ ಅದು ಯಾರಿಗೂ ಬೇಕಿರಲಿಲ್ಲ.

"ಅಪ್ಪಾಜಿ ಹಾಕ್ಸಿದ್ದು ಕಣಮ್ಮ. ಪೂಜೆ ಮಾಡಿರಾದ್ನ ಕಿತ್ತಾಕಕ್ಕಾದದಾ?" ಎಂದರು ಸಾಹುಕಾರರು.

"ಅಪ್ಪಾಜಿಯೋರು ಹಳೇ ಮಿಷನ್ ಗುಜರಿಗಾಕಿ ತಾನೇ ಹೊಸ್ದು ತಂದುದ್ದು? ಅದ್ಕೂ ವರ್ಸವರ್ಸ ಪೂಜೆ ಆಯ್ತಿತ್ತಲ್ಲ ಸಾ."

"ಏನ್ ಹಠವಮ್ಮ ನಿಂದು! ಹಳೇ ಬಿಲ್ಲೆಲ್ಲ ಹೋದ್ರೆ?"

"ಬ್ಯಾರೆ ಕಡೆ ಇಳಿಸ್ಕಂಡಿವ್ನಿ. ನೀವೇ ತೆಗ್ದು ನೋಡ್ಕಳಿ."

ಸಾಹುಕಾರರು ತಂದೆಯ ಕಾಲದ ಬಿಲ್ಲೊಂದನ್ನು ತೆರೆದು ನೋಡಿದರು. ಕಣ್ಣೊರೆಸಿಕೊಂಡರು ಎಂದು ಬರೆಯಲು ಕೈ ಓಡುತ್ತದೆ. ನಾನು ಕಂಡದ್ದು ಅದಲ್ಲ. "ತಗಿ ಅತ್ಲಾಗೆ," ಎಂದು ಗೊಣಗಿ ಎದ್ದುಹೋದರು, ಅಷ್ಟೆ. ಮೇಡಂ ಅಳಿಸಿದರು. ಮರುದಿನ ಲಾರಿ ತೂಕದ ಕಟ್ಟೆಯಿಂದ ಇಳಿಯುವ ಮೊದಲೇ ಚೀಟಿ ಬಂತು. ಸಂಕ್ರಾಂತಿ ಕಳೆಯಿತು, ಮೈಸೂರಿನ ಮಾತು ಮತ್ತೆ ಏಳಲಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ಕವಲಂದೆಯ ಅವರ ಹೊಲದಲ್ಲಿ ಮಣ್ಣು ಹಾಕಿ ಬಂದೆವು. ಮರುದಿನ ನೋಡಿದರೆ ಸಾಹುಕಾರರು ಅವರ ಕುರ್ಚಿಗೆ ಚೆಂಡುಹೂವಿನ ಹಾರ ಹಾಕಿಸಿದ್ದರು. "ಇದ್ರ್ ಮೇಲೆ ಇನ್ ಯಾರೂ ಕೂರದು ಬ್ಯಾಡ," ಎಂದರು.

"ನಾನ್ ಕೂತ್ಕತೀನಿ ಸಾ," ಎಂದು ಹಾರ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಗೇಟಿನಲ್ಲಿ ಲಾರಿ ತೂಕಕ್ಕೆ ಕಾದು ನಿಂತಿತ್ತು.