ಬೇವಿನ ಗಿಡದ ತನಕ

ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರುವುದು ನನಗೆ ನೌಕರಿಯಿಂದ ಅಂಟಿದ ಚಟ. ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯಿಂದ ಆಟೋ ಹಿಡಿದು ಬಸ್ ನಿಲ್ದಾಣಕ್ಕೆ ಬರುತ್ತೇನೆ. ಬೀದರ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಸಾಕು, ರೆಪ್ಪೆ ತಾನಾಗಿಯೇ ಇಳಿಯುತ್ತದೆ. ಅದು ನಿದ್ದೆಯಲ್ಲ. ಊರು ಮುಗಿಯುತ್ತಿದ್ದಂತೆ ಹಾರ್ನ್‌ಗಳು ಒಂದೊಂದಾಗಿ ಹಿಂದೆ ಬೀಳುತ್ತವೆ, ಗಾಳಿಗೆ ಮಣ್ಣಿನ ವಾಸನೆ ಬರುತ್ತದೆ. ಏರು ಹತ್ತುವಾಗ ಇಂಜಿನ್ನಿನ ದನಿ ದಪ್ಪಗಾಗುತ್ತದೆ, ಇಳಿಜಾರಿನಲ್ಲಿ ಹೊಟ್ಟೆ ಹಗುರಾಗುತ್ತದೆ. ಕಂಡಕ್ಟರ್ ಕಮಲಾಪುರ ಎಂದು ಕೂಗುವ ಮೊದಲೇ ನಾನು ಚೀಲ ಹೆಗಲಿಗೇರಿಸಿ ಎದ್ದು ನಿಂತಿರುತ್ತೇನೆ.

"ನೋಡದೇ ಹ್ಯಾಂಗ ಗೊತ್ತಾಗ್ತದ್ರಿ ಮೇಡಂ ನಿಮಗ?" ಎಂದು ಒಮ್ಮೆ ಕಂಡಕ್ಟರ್ ಕೇಳಿದ್ದ.

"ಒಬ್ಬ ಹುಡುಗಿ ಕಲಿಸ್ಯಾಳ" ಎಂದೆ. ಅವನು ನಕ್ಕು ಮುಂದಿನ ಸೀಟಿಗೆ ಹೋದ. ನಾನು ಹೇಳಿದ್ದು ಮಾತ್ರ ನಿಜ.

ನಾನು ವಿಶೇಷ ಶಿಕ್ಷಕಿ. ಅಂಗವಿಕಲ ಮಕ್ಕಳು ತಮ್ಮೂರಿನ ಶಾಲೆಯಲ್ಲೇ ಎಲ್ಲರ ಜೊತೆ ಕಲಿಯಲಿ ಎಂದು ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ತಿರುಗುವ ಕೆಲಸ. ಕಿವಿ ಕೇಳದವರಿಗೆ ಕೈಸನ್ನೆ, ಕಣ್ಣು ಕಾಣದವರಿಗೆ ಬ್ರೈಲ್ ಲಿಪಿ, ಪೆನ್ಸಿಲ್ ಹಿಡಿಯಲಾಗದ ಬೆರಳಿಗೆ ಹಿಡಿಯುವ ಬಗೆ. ಸ್ವಭಾವ ನೋಡಿದರೆ ನಾನು ಈ ಕೆಲಸಕ್ಕೆ ತಕ್ಕವಳೇ ಅಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಕ್ಕಳ ಮುಂದೆ ತಾಳ್ಮೆ ಎಲ್ಲಿಂದಲೋ ಬರುತ್ತದೆ, ದೊಡ್ಡವರ ಮುಂದೆ ಬಂದ ದಾರಿ ಹಿಡಿದು ಹೊರಟುಹೋಗುತ್ತದೆ.

ಆ ಹುಡುಗಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಕಮಲಾಪುರದ ಮಸೀದಿ ಹಿಂದಿನ ಓಣಿಯಲ್ಲಿ ಮನೆ. ಅಪ್ಪ ಬೆಳಕು ಹರಿಯುವ ಮೊದಲೇ ಟೆಂಪೋದಲ್ಲಿ ಬಾಳೆಗೊನೆ ಹೇರಿಕೊಂಡು ಕಲಬುರಗಿ ಮಾರುಕಟ್ಟೆಗೆ ಹೋಗುತ್ತಿದ್ದ. ತಾಯಿಗೆ ಹೊಲಿಗೆ ಯಂತ್ರ ಮತ್ತು ತೊಟ್ಟಿಲ ಕೂಸು. ಮೊಮ್ಮಗಳನ್ನು ಕೈಹಿಡಿದು ಓಣಿಯ ತುದಿಯ ಶಾಲೆಗೆ ಏಳು ವರ್ಷ ದಿನಾ ಬಿಟ್ಟು ಬರುತ್ತಿದ್ದವಳು ಅಪ್ಪನ ತಾಯಿ. ಹುಡುಗಿಗೆ ಅವಳು ದಾದಿ. ಆ ಮನೆಯಲ್ಲಿ ದಾದಿ ಹೇಳಿದ್ದೇ ಕೊನೆಯ ಮಾತು.

ಏಳನೇ ತರಗತಿ ಮುಗಿಯಿತು. ಮುಂದಿನ ಶಾಲೆ ಊರಿನ ಇನ್ನೊಂದು ಬದಿಯಲ್ಲಿತ್ತು, ಹದಿನೈದು ನಿಮಿಷದ ನಡಿಗೆ.

"ನಕ್ಕೋ, ಬ್ಯಾಡ ಟೀಚರಮ್ಮಾ. ಓದಿದ್ದು ಇಷ್ಟೇ ಸಾಕು" ಎಂದಳು ದಾದಿ. "ನನ್ನ ಮೊಣಕಾಲು ಅಷ್ಟು ದೂರ ಬರಂಗಿಲ್ಲ. ದಿನಾ ಕೈ ಹಿಡಕೊಂಡು ಹೋಗೋರು ಯಾರದಾರ?"

"ಕೈ ಹಿಡಿಯೋದು ಬ್ಯಾಡ್ರಿ. ಒಬ್ಬಾಕೀನೇ ಹೋಗ್ತಾಳ" ಎಂದುಬಿಟ್ಟೆ. ಸಿಟ್ಟಿನಲ್ಲಿ ಬಂದ ಮಾತು ಅದು. ಹೇಗೆ ಹೋಗುತ್ತಾಳೆಂದು ಆಗ ನನಗೂ ಗೊತ್ತಿರಲಿಲ್ಲ.

ದಾದಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಆಯ್ತು. ಶಾಲಿ ಶುರು ಆಗೋ ದಿನ ನಾ ಆ ಗೇಟಿನಾಗ ಕೂತಿರ್ತೀನಿ. ಆಕಿ ಒಬ್ಬಾಕೀನೇ ಬರ್ಲಿ. ಬಂದ್ರ ಶಾಲಿಗಿ ಸೇರಿಸೋ ಅರ್ಜಿ ಮ್ಯಾಲ ನಾನೇ ಹೆಬ್ಬೆಟ್ಟು ಒತ್ತತೀನಿ. ಬರಲಿಲ್ಲಂದ್ರ ಈ ಮಾತು ಮತ್ತ ನಮ್ಮನ್ಯಾಗ ಎತ್ತಬ್ಯಾಡ್ರಿ."

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಬ್ರೈಲ್ ಪುಸ್ತಕ ತೆರೆದಿತ್ತು, ಬೆರಳು ಒಂದೇ ಸಾಲಿನ ಮೇಲೆ ನಿಂತಿತ್ತು. ನಾನು ಏಳುವಾಗ ಅವಳು ಕೇಳಿದ್ದು ಒಂದೇ: "ಎಂಟನೇದರ ಪುಸ್ತಕ ಇದಕ್ಕಿಂತ ದಪ್ಪ ಇರ್ತಾವೇನ್ರಿ ಟೀಚರ್?"

ಕಲಿಸುವ ಮೊದಲು ದಾರಿಯನ್ನು ನಾನು ಕಲಿಯಬೇಕಿತ್ತು. ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ನಡೆಯುವುದನ್ನು ತರಬೇತಿಯಲ್ಲಿ ಕಲಿತಿದ್ದೆ, ಆದರೆ ಮರೆತುಹೋಗಿತ್ತು. ಎರಡು ಭಾನುವಾರ ಗಂಡನನ್ನು ಕರೆದುಕೊಂಡು ಐವಾನ್-ಎ-ಶಾಹಿ ಕಡೆಯ ರಸ್ತೆಯಲ್ಲಿ ಅಭ್ಯಾಸ ಮಾಡಿದೆ. ಪರಿಚಯದವರೊಬ್ಬರು ಗಾಬರಿಯಿಂದ, "ಯಾಕ್ರೀ, ಟೀಚರ್ ಬಾಯಾರಿಗೆ ಕಣ್ಣಿಂದು ಆಪರೇಷನ್ ಆಗ್ಯಾದೇನು?" ಎಂದು ಕೇಳಿದರು. "ಕಣ್ಣಿಂದಲ್ರೀ, ತಲೀದು ಮಾಡಿಸಬೇಕಾಗ್ಯಾದ" ಎಂದ ನನ್ನ ಗಂಡ. ನನ್ನ ಕಣ್ಣು ಕಟ್ಟಿದ್ದರಿಂದ ಅವನು ಬದುಕಿಕೊಂಡ.

ಆಮೇಲೆ ಕಮಲಾಪುರದ ದಾರಿ. ಏಪ್ರಿಲ್, ಮೇ ರಜೆಯ ಬೆಳಗುಗಳಲ್ಲಿ, ಬಿಸಿಲು ಏರುವ ಮೊದಲು, ನಾವಿಬ್ಬರೂ ಆ ದಾರಿಯನ್ನು ಎಷ್ಟು ಸಲ ನಡೆದೆವೋ ಲೆಕ್ಕವಿಲ್ಲ. ಮನೆ ಬಿಟ್ಟರೆ ಹಿಟ್ಟಿನ ಗಿರಣಿ, ಅದರ ಗರಗರ ಸದ್ದು ಮತ್ತು ಬಿಸಿ ಜೋಳದ ಹಿಟ್ಟಿನ ವಾಸನೆ. ಮುಂದೆ ಬಾಳೆಹಣ್ಣು ಮಾಗಿಸುವ ಗೋದಾಮು. ಅದರ ಬಾಗಿಲು ತೆರೆದಿದ್ದರೆ ತಣ್ಣನೆಯ ಸಿಹಿ ವಾಸನೆ ಹೊರಗೆ ಬಂದು ಕಾಲಿನ ಸುತ್ತ ನಿಲ್ಲುತ್ತಿತ್ತು. ಅದರಾಚೆ ನೀರಿನ ಟ್ಯಾಂಕಿನ ಕೆಳಗೆ ಯಾವಾಗಲೂ ಹಸಿಯಾದ ನೆಲ. ಆಮೇಲೆ ಬೇವಿನ ಗಿಡ, ಅದರಡಿ ಮುಖಕ್ಕೆ ಹತ್ತುವ ತಂಪು. ಗಿಡದಿಂದ ಉದ್ದಕ್ಕೂ ಹಳೆಯ ಕಲ್ಲಿನ ಗೋಡೆ, ಗೋಡೆಯ ಕೊನೆಯಲ್ಲಿ ಎಡಕ್ಕೆ ತಿರುವು, ತಿರುಗಿದರೆ ನೇರ ಶಾಲೆಯ ಗೇಟು. ದೊಡ್ಡ ರಸ್ತೆ ದಾಟಬೇಕಿರಲಿಲ್ಲ, ಅದೊಂದು ನಮ್ಮ ಪುಣ್ಯ.

ಆ ದಿನಗಳಲ್ಲಿ ನನ್ನ ಕನಸುಗಳೂ ಬದಲಾದವು. ಕನಸಿನಲ್ಲಿ ಚಿತ್ರಗಳೇ ಇರುತ್ತಿರಲಿಲ್ಲ. ಗಿರಣಿಯ ಸದ್ದು ಬಂದು ಹೋಗುತ್ತಿತ್ತು, ಎಲ್ಲಿಂದಲೋ ತಂಪು ಇಳಿಯುತ್ತಿತ್ತು, ಅಂಗಾಲಿಗೆ ಹಸಿ ನೆಲ ತಾಗುತ್ತಿತ್ತು. ನಾನು ಯಾರೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ, ಆದರೂ ಹೆದರಿಕೆಯಾಗುತ್ತಿರಲಿಲ್ಲ. ಎದ್ದ ಮೇಲೂ ಸ್ವಲ್ಪ ಹೊತ್ತು ಹಾಸಿಗೆಯಲ್ಲಿ ಬಾಳೆಹಣ್ಣಿನ ವಾಸನೆ ಇರುತ್ತಿತ್ತು.

"ನಿನಗ ಕನಸು ಹ್ಯಾಂಗ ಬೀಳ್ತಾವ?" ಎಂದು ಅವಳನ್ನು ಕೇಳಿದೆ.

"ಕನಸಿನ್ಯಾಗ ನಾ ಓಡ್ತೀನ್ರಿ ಟೀಚರ್" ಎಂದಳು. "ಯಾರೂ ಸಾವಕಾಶ, ಸಾವಕಾಶ ಅನ್ನಂಗಿಲ್ಲ."

ನಾನಂತೂ ದಿನಕ್ಕೆ ನೂರು ಸಲ ಹಾಗೆ ಅನ್ನುತ್ತಿದ್ದೆ. ಅವತ್ತಿನಿಂದ ಬಾಯಿ ಕಟ್ಟಿಕೊಂಡೆ.

ಮೊದಲ ವಾರ ಅವಳು ನನ್ನ ಮೊಣಕೈ ಹಿಡಿದು ನಡೆದಳು. ಎರಡನೆಯ ವಾರ ಬಿಳಿ ಕೋಲು ಹಿಡಿದು ಪಕ್ಕದಲ್ಲಿ ನಡೆದಳು. ಆಮೇಲೆ ನಾನು ಹತ್ತು ಹೆಜ್ಜೆ ಹಿಂದೆ. ಮೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಹೇಳಿದೆ, "ಇವತ್ತಿಂದ ನಾ ಬರಂಗಿಲ್ಲ. ಇಲ್ಲೇ ನಿಮ್ಮ ಮನೀ ಕಟ್ಟಿ ಮ್ಯಾಲ ಕೂತಿರ್ತೀನಿ. ನೀ ಗೇಟು ಮುಟ್ಟಿ ಬಾ."

ಅವಳು ಹೊರಟಳು. ನಾನು ಕೂರಲಿಲ್ಲ. ಕೂರುವ ಧೈರ್ಯ ನನಗಿರಲಿಲ್ಲ. ಇಪ್ಪತ್ತು ಹೆಜ್ಜೆ ಬಿಟ್ಟು ಕಳ್ಳಿಯ ಹಾಗೆ ಹಿಂದೆ ಹೋದೆ. ಗೋಡೆ ಮುಗಿಯುವಲ್ಲಿ ಅವಳು ಎಡಕ್ಕೆ ತಿರುಗುತ್ತಾಳೋ ಇಲ್ಲವೋ ಎಂದು ಪ್ರತಿ ಸಲ ನನ್ನ ಕಾಲು ನಿಂತೇ ಬಿಡುತ್ತಿತ್ತು. ಅವಳು ಸರಿಯಾಗಿ ತಿರುಗುತ್ತಿದ್ದಳು. ವಾರವಿಡೀ ಒಂದು ತಪ್ಪಿಲ್ಲ. ನಾನು ಬೀಗಿದೆ. ನನ್ನ ವರದಿಯಲ್ಲಿ "ಸ್ವತಂತ್ರವಾಗಿ ನಡೆಯುತ್ತಾಳೆ" ಎಂದು ಬರೆದು ಅಡಿಗೆರೆ ಎಳೆದೆ.

ಶಾಲೆ ಶುರುವಾಗುವ ದಿನ ದಾದಿ ಮಗನ ಟೆಂಪೋದಲ್ಲಿ ಮೊದಲೇ ಹೋಗಿ ಗೇಟಿನಲ್ಲಿ ಕೂತಿದ್ದಳು. ನಾನು ಹಿಂದಿರುವುದು ಆ ಮುದುಕಿಯ ಕಿವಿಗೆ ಬೀಳಬಾರದೆಂದು ಅವತ್ತು ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಎಡಗಾಲಿನ ಚಪ್ಪಲಿ ಏಪ್ರಿಲ್‌ನಲ್ಲೇ ಕಿತ್ತು ಬಂದಿತ್ತು. ಚಪ್ಪಲಿ ಹೊಲಿಯುವವನು ಅದಕ್ಕೊಂದು ಮೊಳೆ ಹೊಡೆದು ಕೊಟ್ಟಿದ್ದ, ಗಟ್ಟಿ ನೆಲದ ಮೇಲೆ ಟಕ್ ಟಕ್ ಅನ್ನುತ್ತಿತ್ತು. ಕೇಳಿ ಕೇಳಿ ನನಗೆ ಅದು ಕೇಳಿಸುವುದೇ ನಿಂತುಹೋಗಿತ್ತು, ಅವತ್ತು ಮಾತ್ರ ನೆನಪಾಯಿತು.

ಹುಡುಗಿ ಗಿರಣಿ ದಾಟಿದಳು. ಗೋದಾಮು ದಾಟಿದಳು. ಹಸಿ ನೆಲದಲ್ಲಿ ಹೊಸ ಸಲ್ವಾರಿನ ಅಂಚು ಎತ್ತಿ ಹಿಡಿದುಕೊಂಡಳು. ಬೇವಿನ ಗಿಡ ಬಂತು. ಗಿಡದಾಚೆ ನಾಲ್ಕು ಹೆಜ್ಜೆ ಇಟ್ಟು ನಿಂತಳು.

ನಾನೂ ನಿಂತೆ. ಬರಿಗಾಲಿನಲ್ಲಿ. ಅವಳು ಕೋಲನ್ನು ಎದೆಗೆ ಒತ್ತಿಕೊಂಡು ತಲೆ ಓರೆ ಮಾಡಿ ಏನನ್ನೋ ಆಲಿಸುತ್ತಿದ್ದಳು. ಆಮೇಲೆ ನನ್ನ ಕಡೆಗೇ ಮುಖ ತಿರುಗಿಸಿ ಮೆಲ್ಲಗೆ ಕೇಳಿದಳು:

"ಟೀಚರ್, ಇವತ್ತು ನಿಮ್ಮ ಚಪ್ಪಲಿ ಸಪ್ಪಳ ಯಾಕ ಬರವಲ್ದು?"

ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. "ನಿನಗ ಗೊತ್ತಿತ್ತೇನು?"

"ದಿನಾ ಗೊತ್ತಿತ್ರಿ. ನಿಮಗ ಬ್ಯಾಸರ ಆಗ್ತದಂತ ಹೇಳ್ಲಿಲ್ಲ" ಎಂದಳು. "ತಿರುಗೋ ಜಾಗ ಬಂದ್ರ ನೀವು ನಿಂತುಬಿಡ್ತಿದ್ರಿ. ಸಪ್ಪಳ ನಿಂತ್ರ ನಾ ಎಡಕ್ಕ ತಿರುಗ್ತಿದ್ದೆ. ಇವತ್ತು ಅದೇ ಇಲ್ಲ."

ಗಿರಣಿ, ಗೋದಾಮು, ಹಸಿ ನೆಲ, ಬೇವಿನ ಗಿಡ, ಆಮೇಲೆ ನಾನು. ಅವಳ ದಾರಿಯ ಕೊನೆಯ ಗುರುತನ್ನು ನಾನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಪ್ಪಲಿ ಮೆಟ್ಟಿಕೊಂಡು ಮೂಲೆಯ ತನಕ ಟಕ್ ಟಕ್ ಅಂತ ನಡೆದರೆ ಅವಳು ಇವತ್ತು ಗೇಟು ಮುಟ್ಟುತ್ತಾಳೆ, ಹೆಬ್ಬೆಟ್ಟು ಬೀಳುತ್ತದೆ. ನಾಳೆ? ನಾಳೆ ನಾನು ಬೇರೆ ಊರಿನ ಬೇರೆ ಮಗುವಿನ ಹತ್ತಿರ ಇರುತ್ತೇನೆ. ಚಪ್ಪಲಿ ತೆಗೆಯಲು ಕೈ ಆಗಲೇ ಚೀಲದೊಳಗೆ ಹೋಗಿತ್ತು. ಬರಿಗೈ ವಾಪಸ್ ತೆಗೆದೆ.

"ನಾ ತಪ್ಪು ಮಾಡೀನಿ, ತಂಗಿ" ಎಂದೆ. "ಮೂಲಿ ಎಲ್ಲದ ಅಂತ ನಾ ಹೇಳಂಗಿಲ್ಲ. ನೀನೇ ಹುಡುಕು. ನಾ ಇಲ್ಲೇ ಗಿಡದ ಕೆಳಗ ಕುಂದರ್ತೀನಿ. ನೀ ಹೋದಮ್ಯಾಲ ಬಸ್ಸಿಗಿ ಹೋಗ್ತೀನಿ."

"ಖರೇನು?"

"ಖರೇ."

ಅವಳು ಕೇಳಿಸಿಕೊಳ್ಳಲಿ ಎಂದು ಧೊಪ್ಪನೆ ಕೂತೆ. ಅವಳು ಗೋಡೆಗೆ ಕೋಲು ತಾಗಿಸುತ್ತ ಹೊರಟಳು. ಕಲ್ಲು, ಕಲ್ಲು, ಕಲ್ಲು, ಆಮೇಲೆ ಖಾಲಿ. ನಿಂತಳು. ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಕಲ್ಲು ಮುಟ್ಟಿದಳು, ಮತ್ತೆ ಖಾಲಿ. ಆ ಸಂದಿಯಿಂದ ಬಂದ ಗಾಳಿಗೆ ಅವಳ ದುಪಟ್ಟಾ ಹಾರಿತು. ಎಡಗೆನ್ನೆಯನ್ನು ಗಾಳಿಗೆ ಕೊಟ್ಟು ಸುಮ್ಮನೆ ನಿಂತಳು, ಏನೋ ನೆನಪಾದವಳ ಹಾಗೆ. ಎರಡು ತಿಂಗಳು ನಡೆದ ದಾರಿಯಲ್ಲಿ ಆ ಗಾಳಿ ನನಗೆ ಒಮ್ಮೆಯೂ ಗೊತ್ತಾಗಿರಲಿಲ್ಲ. ಅವಳು ತಿರುಗಿದಳು. ಗೋಡೆಯ ಹಿಂದೆ ಕಾಣದಾದಳು.

ನಾನು ಕಣ್ಣು ಮುಚ್ಚಿದೆ. ಕೋಲಿನ ಸದ್ದು ಸಣ್ಣಗಾಗುತ್ತ ಹೋಯಿತು. ಆಮೇಲೆ ಎಲ್ಲಿಯೋ ಶಾಲೆಯ ಗಂಟೆ, ಮಕ್ಕಳ ಗದ್ದಲ, ಮತ್ತೆ ಏನೂ ಇಲ್ಲ. ಬೇವಿನ ಹೂವಿನ ಕಾಲ ಮುಗಿದಿದ್ದರೂ ಅದರ ವಾಸನೆ ಬಂದಂತಾಯಿತು. ನಾನು ಮನೆಯಲ್ಲೇ ಮಲಗಿದ್ದೇನೆ, ಇದೂ ಆ ಚಿತ್ರವಿಲ್ಲದ ಕನಸುಗಳಲ್ಲೊಂದು ಅನಿಸಿತು. ಬಸ್ಸಿಗೆ ಹೋಗುತ್ತೇನೆ ಅಂದದ್ದು ನೆನಪಿತ್ತು, ಏಳಲಾಗಲಿಲ್ಲ. ಎಷ್ಟು ಬಸ್ಸು ಹೋದವೋ ಗೊತ್ತಿಲ್ಲ.

ಮತ್ತೆ ಕೋಲಿನ ಸದ್ದು ಕೇಳಿದಾಗ ಕಣ್ಣು ಬಿಟ್ಟೆ. ಮೊದಲ ದಿನವೆಂದು ಶಾಲೆ ಬೇಗ ಬಿಟ್ಟಿತ್ತು. ಮೂಲೆಯಲ್ಲಿ ಇಬ್ಬರು ತಿರುಗಿ ಬಂದರು. ಅಷ್ಟು ದೂರ ಬರಲಾರೆನೆಂದಿದ್ದ ಮೊಣಕಾಲಿನ ಮುದುಕಿ, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತ ನಡೆಯುತ್ತಿದ್ದಳು. ಹುಡುಗಿ ದಾರಿ ತೋರಿಸುತ್ತಿದ್ದಳು.

"ಇಲ್ಲಿ ಗಾಳಿ ಬರ್ತದ ನೋಡು ದಾದೀ, ಇದೇ ಮೂಲಿ. ಈಗ ಗ್ವಾಡಿ ಹಿಡಕೊಂಡೇ ಬಾ. ಇಲ್ಲಿ ತಂಪು ಹತ್ತತದ, ಬೇವಿನ ಗಿಡ. ನಮ್ಮ ಟೀಚರ್ ಇಲ್ಲೀತನಾ ಬಂದಿದ್ರು."

ದಾದಿ ನನ್ನನ್ನು ನೋಡಿದಳು. ಮಣ್ಣು ಮೆತ್ತಿದ ನನ್ನ ಬರಿಗಾಲು ನೋಡಿದಳು. ಈಗ ಬೈಗುಳ ಬಂತು ಅಂದುಕೊಂಡೆ. ಅವಳು ನಿಂತಳು. ಮೊಮ್ಮಗಳ ಹೆಗಲಿನಿಂದ ಕೈ ತೆಗೆದು, ನೀಲಿ ಮಸಿ ಹತ್ತಿದ ಹೆಬ್ಬೆರಳನ್ನು ನನ್ನ ಕಡೆ ತೋರಿಸಿದಳು. ಮತ್ತೆ ಕೈಯನ್ನು ಅದೇ ಹೆಗಲ ಮೇಲಿಟ್ಟಳು.

"ಯಾಕ ನಿಂತಿ ದಾದೀ?"

"ಏನಿಲ್ಲ. ನಡಿ, ನಡಿ."

ಅವರು ನನ್ನ ಮುಂದೆಯೇ ಹಾದು ಹೋದರು. ಟ್ಯಾಂಕಿನ ಕೆಳಗೆ ಹುಡುಗಿ, "ಇಲ್ಲಿ ಜಾರತದ, ಸಾವಕಾಶ" ಎನ್ನುವುದು ಕೇಳಿಸಿತು. ಕೂಗಿ ಕರೆಯಬೇಕೆನಿಸಿತು, ಕರೆದರೆ ನಾನು ಬಸ್ಸಿಗೆ ಹೋಗಿಲ್ಲವೆಂದು ಅವಳಿಗೆ ಗೊತ್ತಾಗುತ್ತಿತ್ತು. ಚಪ್ಪಲಿಯನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅವರು ಗಿರಣಿ ದಾಟುವ ತನಕ ಅದನ್ನು ಮೆಟ್ಟಲಿಲ್ಲ.