ಮೋತ್ಯಾ ಗುಡಿತನಕ ನಡೆದ ದಿನ

ನಾನು ಇನ್ನೂ ಎರಡು ಜಡೆ ಹಾಕಿಕೊಳ್ಳುವಷ್ಟು ಸಣ್ಣಾಕಿ ಇದ್ದಾಗ, ಹೆಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯನ್ನು ಒಂದು ಸೋಮವಾರ ಮುಂಜಾನೆ ಸಗಣಿ ಹಾಕಿ ಸಾರಿಸುತ್ತಿದ್ದೆ. ಅರ್ಧ ನೆಲ ಮುಗಿದಿತ್ತು. ಅಷ್ಟರಲ್ಲಿ ಅಕ್ಕ ಓಡುತ್ತ ಬಂದವಳೇ ಹಸಿ ನೆಲದ ಮೇಲೆ ಕಾಲಿಟ್ಟು ನಿಂತಳು.

"ಏ, ನಿನ್ನ ಮೋತ್ಯಾ ಆಯೀನ ಕೆಡವ್ಯಾನ! ಗುಡಿ ದಾರ್ಯಾಗ!"

ಆಯಿ ಅಂದರೆ ಅಪ್ಪನ ಅವ್ವ. ಕಣ್ಣು ಮಂಜಾಗಿದ್ದರೂ ದಿನಾ ಮುಂಜಾನೆ ವಿಭೂತಿ ಹಚ್ಚಿಕೊಂಡು, ಹಿತ್ತಾಳೆ ತಂಬಿಗೆಯಲ್ಲಿ ನೀರು ಹಿಡಿದು, ಗೋಡೆ ತಡವುತ್ತ ಒಬ್ಬಳೇ ಬಸವಣ್ಣನ ಗುಡಿಗೆ ಹೋಗಿ ಬರುತ್ತಿದ್ದಳು. ಮೋತ್ಯಾ ಅಂದರೆ ವರ್ಷ ತುಂಬದ ನಮ್ಮ ನಾಯಿ. ಕಂದು ಮೈ, ಬಾಲದ ತುದಿ ಮಾತ್ರ ಬಿಳಿ. ಆಯಿ ಹೊಸ್ತಿಲು ದಾಟಿದರೆ ಸಾಕು, ಅವನಿಗೆ ಹಬ್ಬ. ಮುಂದೆ ಓಡುವನು, ತಿರುಗಿ ಬರುವನು, ಸೆರಗು ಕಚ್ಚಿ ಎಳೆಯುವನು. ಅವತ್ತು ಆಯಿಯ ಕಾಲಿಗೇ ಅಡ್ಡ ಬಂದಿದ್ದ.

ಶಿವ ದೊಡ್ಡವನು, ಎಲುಬು ಮುರಿದಿರಲಿಲ್ಲ. ಮೊಣಕೈ ತರಚಿತ್ತು, ತಂಬಿಗೆ ನಗ್ಗಿತ್ತು. ಅವ್ವ ಗಾಯಕ್ಕೆ ಅರಿಶಿನ ಒತ್ತಿದಳು. ಅಪ್ಪ ಕೂಗಾಡಲಿಲ್ಲ. ಅಪ್ಪ ಮೆಲ್ಲಗೆ ಮಾತಾಡಿದರೇ ನಮಗೆ ಹೆಚ್ಚು ಭಯ.

"ನಮ್ಮವ್ವನ ಎಲುಬು ಮುರದಿದ್ರ ಏನ್ ಗತಿ? ಸಂಜಿಕ ಕುರಿಯವರು ಮುಂದಿನ ಊರಿಗೆ ಹೊಂಟಾರ. ಮೋತ್ಯಾನ್ನ ಅವರಿಗೆ ಕೊಟ್ಟ ಬಿಡ್ತೇನಿ."

ಸುಗ್ಗಿ ಮುಗಿದ ಮೇಲೆ ಕುರಿಯವರು ಊರೂರು ತಿರುಗುತ್ತ ಬಂದು, ಗೊಬ್ಬರವಾಗಲೆಂದು ನಮ್ಮ ಹೊಲದಲ್ಲಿ ಹಿಂಡು ಕೂಡಿಸುತ್ತಿದ್ದರು. ಓಡುವ ನಾಯಿ ಕಂಡರೆ ಅವರಿಗೆ ಆಸೆ. ಕೊಟ್ಟ ನಾಯಿ ಮತ್ತೆ ಊರು ಕಾಣುತ್ತಿರಲಿಲ್ಲ.

ನಾನು ಅಳಲಿಲ್ಲ. ಅಳುವವರ ಮಾತು ಅಪ್ಪನ ಕಿವಿಗೆ ಬೀಳುತ್ತಿರಲಿಲ್ಲ. ಸಗಣಿ ಕೈಯಲ್ಲೇ ಅಪ್ಪನ ಮುಂದೆ ನಿಂತು, "ಹಗ್ಗ ಹಾಕಿ ಸಾವಕಾಶ ನಡಿಯೂದು ಕಲಸ್ತೇನಿ" ಅಂದೆ.

"ನಾಯಿಗೆ ಹಗ್ಗ ಹಾಕಿ ಅಡ್ಡಾಡ್ಸಾಕ ನಾವೇನು ಸಾಹೇಬ್ರೇನು?" ಎಂದು ನಕ್ಕ ಅಪ್ಪ, ರುಮಾಲು ಸುತ್ತಿ ಮುಗಿಸುವಷ್ಟರಲ್ಲಿ ಮೆತ್ತಗಾದ. "ಆತು. ಸಂಜೀತನಕ ನೋಡು. ಮನಿಯಿಂದ ಗುಡೀತನಕ ಜಗ್ಗದ ನಡದ್ರ ಇರಲಿ. ಜಗ್ಗಿದ್ರ ಕುರಿ ಹಿಂದ ಹೋಗಲಿ."

ಕರುವಿನ ಹಗ್ಗ ಬಿಚ್ಚಿ ತಂದೆ. ಕೊರಳು ಕೊರೆಯಬಾರದೆಂದು ಹಳೆ ಕೌದಿಯ ತುಂಡು ಸುತ್ತಿದೆ. ನನಗೆ ಗೊತ್ತಿದ್ದದ್ದು ಎತ್ತು ಹಿಡಿಯುವ ರೀತಿ ಒಂದೇ: ಹಗ್ಗ ಜಗ್ಗಿದರೆ ಎತ್ತು ನಿಲ್ಲುತ್ತದೆ. ಆದರೆ ಎತ್ತಿಗೆ ಮೂಗುದಾಣ ಇರುತ್ತದೆ. ಮೋತ್ಯಾ ನಾನು ಜಗ್ಗಿದಷ್ಟೂ ಮುಂದೆ ನುಗ್ಗಿದ. "ಹೋ ಹೋ" ಅಂದೆ, ಇನ್ನಷ್ಟು ನುಗ್ಗಿದ. ರೊಟ್ಟಿ ತುಂಡು ತೋರಿಸಿದೆ. ಒಂದೇ ಗುಟುಕಿಗೆ ನುಂಗಿ, ಕೋಳಿಯೊಂದರ ಬೆನ್ನು ಹತ್ತಿ ನನ್ನನ್ನೂ ಧೂಳಿನಲ್ಲಿ ಎಳೆದೊಯ್ದ. ಮಧ್ಯಾಹ್ನದ ಹೊತ್ತಿಗೆ ಅಂಗೈ ಸುಲಿದು ಕೆಂಪಾಗಿತ್ತು, ಲಂಗ ಹರಿದಿತ್ತು, ಗುಡಿ ಇನ್ನೂ ಅಷ್ಟೇ ದೂರ ಇತ್ತು.

ಮನೆಗೆ ಬಂದು ಕಟ್ಟೆಯ ಮೇಲೆ ಕುಸಿದೆ. ಅಲ್ಲೇ ಆಯಿ ಜಪ ಮಾಡುತ್ತ ಕೂತಿದ್ದಳು. ನನ್ನ ಕೈ ಹಿಡಿದು, ಬೆರಳಿನಿಂದಲೇ ಗಾಯ ನೋಡಿದಳು.

"ನೀನೂ ಜಗ್ತಿ, ಅವನೂ ಜಗ್ತಾನ. ಇಬ್ಬರಾಗ ಒಬ್ಬರರ ಶಾಣ್ಯಾರು ಬ್ಯಾಡೇನು?"

"ಮತ್ತೇನ ಮಾಡ್ಲಿ ಆಯಿ?"

"ನಾ ಹೆಂಗ ಗುಡಿಗೆ ಹೋಗ್ತೇನಿ? ಕಾಲಿಗೆ ಏನರ ತಾಕಿದ್ರ ನಿಂದ್ರತೇನಿ. ಶಿವನ ಹೆಸರು ತಗೋತೇನಿ. ದಾರಿ ಸುದ್ದ ಆದ್ರ ಹೆಜ್ಜಿ ಇಡ್ತೇನಿ. ನೀನೂ ಹಂಗ ಮಾಡು. ಹಗ್ಗ ಬಿಗಿ ಆತೋ, ನಿಂದ್ರು. ಜಗ್ಗಬ್ಯಾಡ, ಬೈಬ್ಯಾಡ. ಓಂ ನಮಃ ಶಿವಾಯ ಅನಕೋತ ನಿಂದ್ರು. ಸಡ್ಲಾದ ಮ್ಯಾಲೇ ಮುಂದಿನ ಹೆಜ್ಜಿ."

ಅಂಗೈಗೆ ಎಣ್ಣೆ ಸವರಿಕೊಂಡು ಮತ್ತೆ ಎದ್ದೆ. ಮೋತ್ಯಾ ಜಗ್ಗಿದ, ನಿಂತೆ. ಓಂ ನಮಃ ಶಿವಾಯ. ಹತ್ತು ಸಲ ಅಂದೆ, ಇಪ್ಪತ್ತು ಸಲ ಅಂದೆ. ಅವನು ತಿರುಗಿ, ಇವಳಿಗೇನಾಯಿತು ಅನ್ನುವ ಹಾಗೆ ನನ್ನ ಮುಖ ನೋಡಿದ. ಹಗ್ಗ ಜೋತಿತು. ಒಂದು ಹೆಜ್ಜೆ ಇಟ್ಟೆ. ಮತ್ತೆ ಜಗ್ಗಿದ, ಮತ್ತೆ ನಿಂತೆ. ಬಾಗಿಲಿನಿಂದ ಗುಡಿ ದಾರಿಯ ನಡುವಿನ ಬೇವಿನ ಗಿಡದವರೆಗೆ ಹೋಗಲು ಒಂದು ತಾಸು ಹಿಡಿಯಿತು. ನೆತ್ತಿ ಸುಡುತ್ತಿತ್ತು, ಬರಿಗಾಲಿನಡಿ ಧೂಳು ಬಿಸಿ ಬೂದಿಯಂತಿತ್ತು.

ಗಿಡದ ನೆರಳಲ್ಲಿ ಕೂತಿದ್ದ ಹಿರಿಯರಲ್ಲೊಬ್ಬರು, "ಏನವಾ ತಂಗಿ, ನಾಯಿಗೆ ದೀಕ್ಷಾ ಕೊಡಾಕತ್ತೀಯೇನು? ನಾಳೆ ವಿಭೂತಿ ಹಚ್ಚಿ ಕರ್ಕೊಂಡ ಬಾ!" ಅಂದರು. ಎಲ್ಲರೂ ಹೋ ಎಂದು ನಕ್ಕರು. ಸಿಟ್ಟು ಬಂತು. ಆದರೆ ಸಿಟ್ಟು ಮಾಡಿದರೆ ಕೈ ತಾನೇ ಜಗ್ಗುತ್ತಿತ್ತು. ಸುಮ್ಮನೆ ಮುಂದಿನ ಹೆಜ್ಜೆ ಇಟ್ಟೆ. ಮೂರನೇ ಸಲ ಹೋಗಿ ಬರುವಾಗ ಮೋತ್ಯಾ ಬೇವಿನ ಗಿಡದವರೆಗೆ ಎರಡೇ ಸಲ ಜಗ್ಗಿದ.

ಸಂಜೆ ಆಯಿ ಸೆರಗು ಹೊದ್ದು ಎದ್ದಳು. "ಮುಂಜಾನಿ ಗುಡಿ ತಪ್ಪೇತಿ, ಈಗರ ಹೋಗೂಣು. ಹಗ್ಗ ನನ್ನ ಕೈಯಾಗ ಕೊಡು."

"ಮತ್ತ ಬಿದ್ರ?" ಎಂದು ಅಕ್ಕ ಅಡ್ಡ ನಿಂತಳು.

"ಬಿದ್ರ ಏಳ್ತೇನಿ. ಮುಂಜಾನಿ ಎದ್ದಿಲ್ಲೇನು?"

ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದರಲ್ಲಿ ಹಗ್ಗ. ಬೇವಿನ ಗಿಡ ದಾಟಿದೆವು. ಇನ್ನೇನು ಗುಡಿಯ ಕಟ್ಟೆ ಕಾಣಬೇಕು, ಎದುರಿಗೆ ಧೂಳೆದ್ದಿತು. ಕುರಿ! ಬೀದಿ ತುಂಬ ಕುರಿ. ಗಂಟೆ ಸಪ್ಪಳ, ಮರಿಗಳ ಕೂಗು, ಉಣ್ಣೆಯ ಘಾಟು. ಹಿಂದೆ ಕಂಬಳಿ ಹೊದ್ದ ಕುರಿಯವನು, ಅವನ ಜೊತೆಗೆ ಅಪ್ಪ.

ಮೋತ್ಯಾನ ಕಿವಿ ನೆಟ್ಟಗಾದವು. ಹಗ್ಗ ಬಿಗಿಯಿತು. ಆಯಿ ನಿಂತಳು. ಅವಳ ಬೆರಳು ನನ್ನ ಹೆಗಲಿಗೆ ನಾಟಿದ್ದರಿಂದ ಅವಳಿಗೂ ಹೆದರಿಕೆ ಇದೆ ಎಂದು ಗೊತ್ತಾಯಿತು. "ಓಂ ನಮಃ ಶಿವಾಯ" ಅಂದಳು. ನಾನೂ ಕಣ್ಣು ಮುಚ್ಚಿ ಅಂದೆ. ಕುರಿಗಳು ಎರಡೂ ಕಡೆಯಿಂದ ನಮ್ಮನ್ನು ಉಜ್ಜಿಕೊಂಡು ಹಾದವು. ಎಷ್ಟು ಸಲ ಅಂದೆನೋ ಎಣಿಸಲಿಲ್ಲ. ಆಮೇಲೆ ಕಾಲಿಗೆ ಏನೋ ಮೆತ್ತಗೆ ತಾಕಿತು. ಜೋತುಬಿದ್ದ ಹಗ್ಗ.

ಕಣ್ಣು ಬಿಟ್ಟೆ. ಮೋತ್ಯಾ ಆಯಿಯ ಪಾದದ ಹತ್ತಿರ ಕೂತಿದ್ದ. ಮೈ ನಡುಗುತ್ತಿತ್ತು, ಬಾಲ ಧೂಳು ಗುಡಿಸುತ್ತಿತ್ತು, ಆದರೆ ಕೂತಿದ್ದ.

ಕುರಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ಯಜಮಾನ್ರ, ಇಷ್ಟು ಕುರಿ ಮೂಗಿನ ಮುಂದ ಹಾದ್ರೂ ಕುಂತೈತಲ್ರಿ ಇದು! ಇಂಥಾ ನಾಯಿ ತಗೊಂಡು ನಾ ಏನ್ ಮಾಡ್ಲಿ? ನೀವ ಇಟಗೋರಿ."

ಅಪ್ಪ ಕುರಿಯವನನ್ನು ಕಳಿಸಿಕೊಟ್ಟ. ಗುಡಿತನಕ ನಮ್ಮ ಹಿಂದೆಯೇ ನಡೆದು ಬಂದ. ತಿರುಗಿ ಮನೆಗೆ ಬಂದ ಮೇಲೆ ಅವ್ವನಿಗೆ, "ಅವಂಗೊಂದು ರೊಟ್ಟಿ ಹಾಕು" ಅಂದ, ಅಷ್ಟೇ. ಅಕ್ಕನ ಹೆಜ್ಜೆ ಮೂಡಿದ್ದ ಪಡಸಾಲೆ ಒಣಗಿತ್ತು. ನಾನು ನೀರು ಚಿಮುಕಿಸಿ, ಉಳಿದರ್ಧ ಸಾರಿಸಿದೆ.

ಈಗ ನಾವು ಸತ್ತೂರಿನ ಮನೆಯಲ್ಲಿದ್ದೇವೆ, ಸಾರಿಸುವ ನೆಲವೇ ಇಲ್ಲ. ಮೊಮ್ಮಕ್ಕಳೇ, ನಿಮ್ಮ ನಾಯಿಮರಿಗೆ ಕೆಂಪು ಬೆಲ್ಟು, ಸೂಜಿ ಹಾಕುವ ಡಾಕ್ಟರು, ಕಲಿಸಿಕೊಡಲು ಮೊಬೈಲಿನ ವಿಡಿಯೋ ಎಲ್ಲ ಇವೆ. ಮೋತ್ಯಾನಿಗೆ ಸೂಜಿ ಇರಲಿಲ್ಲ, ಇದು ನಿಮ್ಮ ಕಾಲದ ಪುಣ್ಯ. ನಮಗೆ ಇದ್ದದ್ದು ಕುರಿ ಬಿಟ್ಟರೆ ಏನೂ ಬಾರದ ಖಾಲಿ ಬೀದಿ ಮತ್ತು ಇಡೀ ಒಂದು ದಿನ. ನಿಮಗೆ ಸ್ಕೂಲ್ ಬಸ್ಸು ಬರುವ ಮುಂಚಿನ ಹತ್ತು ನಿಮಿಷ, ಅದೂ ಗಾಡಿಗಳ ನಡುವೆ.

ನಿನ್ನೆ ನಿಮ್ಮಲ್ಲಿ ಸಣ್ಣಾಕಿ ಅಂಗೈ ಕೆಂಪು ಮಾಡಿಕೊಂಡು ಬಂದು, "ಇದನ್ನ ಯಾರಿಗರ ಕೊಟ್ಟ ಬಿಡೂಣು ಆಯಿ" ಅಂದಳಲ್ಲ, ಅದಕ್ಕೇ ಇಷ್ಟೆಲ್ಲ ಬರೆದೆ. ನಾಳೆ ಅರ್ಧ ತಾಸು ಲಗೂ ಏಳ್ರಿ, ನಾನೂ ಬರುತ್ತೇನೆ. ನನ್ನ ಮೊಣಕಾಲು ಹೇಗೂ ನಿಂತು ನಿಂತೇ ನಡೆಯುತ್ತವೆ. ಈಗ ಹಂಚು ಕಾದಿದೆ, ರೊಟ್ಟಿ ಬಡಿಯಲು ಹೋಗುತ್ತೇನೆ.