ಅಕ್ಕಿ ಕಡಿಮೆ ಬಿದ್ದ ತುಲಾಭಾರ

ಜನ ನನ್ನನ್ನು ಚೆಲುವೆ ಎಂದು ಹೊಗಳಿದ್ದು ಬದುಕಿನಲ್ಲಿ ಒಂದೇ ಒಂದು ವರ್ಷ. ಅದೂ ತಲೆ ಬಾಚಿಕೊಳ್ಳಲಿಕ್ಕೂ ನನಗೆ ಮನಸ್ಸಿಲ್ಲದ ವರ್ಷ. ಬೆಳಗಾವಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಕಾಲಿಟ್ಟರೆ ಸಾಕು, ಯಾವ ಡಯಟ್ಟು, ಯಾವ ಜಿಮ್ಮು ಎಂದು ಮುತ್ತಿಕೊಳ್ಳುತ್ತಿದ್ದರು. ಗೆಳತಿ ವಿದ್ಯಾ ಅಂತೂ, ನಾನು ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದು ಮುನಿಸಿಕೊಂಡೇಬಿಟ್ಟಳು. ಗುಟ್ಟೇನು ಮಣ್ಣು? ಹಸಿವೆ ಹೋಗಿತ್ತು, ನಿದ್ದೆ ಹೋಗಿತ್ತು, ನಮ್ಮೂರಿನ ಸಿಹಿ ಕುಂದಾ ತಂದು ಬಾಯಿಗಿಟ್ಟರೂ ಸುಣ್ಣ ತಿಂದ ಹಾಗಾಗುತ್ತಿತ್ತು. ಯಾಕೆ ಹೀಗೆ ಎಂದು ಕೇಳಬೇಡಿ. ಕಾರಣ ಅಂತ ಒಂದು ಸಿಕ್ಕಿದ್ದರೆ ಅದನ್ನೇ ಎದುರಿಗೆ ಕೂರಿಸಿಕೊಂಡು ಚೆನ್ನಾಗಿ ಬಯ್ಯುತ್ತಿದ್ದೆ. ಅದು ಸಿಗದ್ದರಿಂದ ಸುಮ್ಮನೆ ಕರಗುತ್ತ ಹೋದೆ, ಹೊಗಳಿಸಿಕೊಳ್ಳುತ್ತ ಹೋದೆ.

ನಮ್ಮ ಮಾತೂ ವಿಚಿತ್ರ. ಮನಸ್ಸು ಭಾರವಾಯಿತು ಅನ್ನುತ್ತೇವೆ, ಎದೆ ಹಗುರಾಯಿತು ಅನ್ನುತ್ತೇವೆ, ತಕ್ಕಡಿಗೆ ಹತ್ತಿಸುವುದು ಮಾತ್ರ ಮೈಯನ್ನು. ನನಗೆ ಆ ವರ್ಷ ಎರಡೂ ತಿರುವುಮುರುವಾಗಿದ್ದವು. ಮೈ ಎಷ್ಟು ಇಳಿಯಿತೋ ಒಳಗೆ ಅಷ್ಟು ಜಡವಾಯಿತು. ಬೆಳಿಗ್ಗೆ ಹಾಸಿಗೆಯಿಂದ ಏಳುವುದೆಂದರೆ ನೆನೆದ ಕಂಬಳಿಯನ್ನು ಎತ್ತಿದಂತೆ.

ಖಾನಾಪುರದಲ್ಲಿರುವ ನನ್ನ ಸೋದರತ್ತೆ ಒಬ್ಬಳೇ ಹೊಗಳಲಿಲ್ಲ. ಯಾವುದೋ ಮದುವೆಯಲ್ಲಿ ನನ್ನ ಕೈ ಹಿಡಿದೆತ್ತಿದವಳು, ಬಳೆ ಮೊಳಕೈತನಕ ಜಾರಿದ್ದನ್ನು ನೋಡಿ ಸುಮ್ಮನಾದಳು. ಅತ್ತೆ ಸುಮ್ಮನಾಗುವುದೆಂದರೆ ಸಣ್ಣ ಸುದ್ದಿಯಲ್ಲ. ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುವ, ನಡುವೆ ಉಸಿರೂ ಎಳೆದುಕೊಳ್ಳದ ಹೆಂಗಸು ಅವಳು. ಮರುದಿನವೇ ಬೆಳಗಾವಿಗೆ ಬಂದು ನನ್ನನ್ನು ಮನಸ್ಸಿನ ಡಾಕ್ಟರ ಬಳಿ ಕರೆದೊಯ್ದಳು. ಊರಿಗೆ ಮರಳಿ ದೇವಿಗೆ ಹರಕೆಯನ್ನೂ ಹೊತ್ತಳು: ಹುಡುಗಿ ಮೊದಲಿನಂತಾದರೆ ಅವಳ ತೂಕದ ಅಕ್ಕಿ ಕೊಡುತ್ತೇನೆ, ಅದೂ ಅಲ್ಲೇ ಹತ್ತಿರದ ಜಾಂಬೋಟಿಯಲ್ಲಿ ಬೆಳೆದ ಒಳ್ಳೆಯ ಅಕ್ಕಿ. ಹುಡುಗಿಗೆ ಆಗ ನಲವತ್ತು ದಾಟಿತ್ತು ಎಂಬುದು ಬೇರೆ ಮಾತು. ಡಾಕ್ಟರಿಗೂ ದೇವಿಗೂ ಒಟ್ಟಿಗೇ ಕೆಲಸ ಹಚ್ಚಿದಳು ಅತ್ತೆ.

ಗುಳಿಗೆಗಳು ಮೊದಲು ನಿದ್ದೆ ತಂದವು, ಆಮೇಲೆ ಹಸಿವೆ. ಒಂದು ಬೆಳಿಗ್ಗೆ ಚಹಾದ ವಾಸನೆ ಮತ್ತೆ ಚಹಾದ ವಾಸನೆಯಾಗಿಯೇ ಬಂತು. ಅಷ್ಟಕ್ಕೇ ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಹಸಿವೆ ಬಂದದ್ದು ಬಂತು, ಹೋಗುವ ಮಾತೇ ಆಡಲಿಲ್ಲ. ರವಿಕೆಗಳು ಒಂದೊಂದಾಗಿ ನನ್ನ ಕೈಬಿಟ್ಟವು. ಸ್ಟಾಫ್ ರೂಮಿನಲ್ಲಿ ಈಗ ಮರುಕ ಶುರುವಾಯಿತು. ವಿದ್ಯಾ ನನ್ನನ್ನು ಬದಿಗೆ ಕರೆದು, ಮನೆಯಲ್ಲಿ ಎಲ್ಲ ಆರಾಮ ಇದೆಯೇ, ಏನಾದರೂ ಚಿಂತೆಯೇ, ಯಾಕೆ ಹೀಗಾದೆ ಎಂದು ಕೇಳಿದಳು. ಸೊರಗಿ ಕಡ್ಡಿಯಾದಾಗ ಕೇಳಬೇಕಾಗಿದ್ದನ್ನು, ನಾನು ಉಂಡು ನಗುತ್ತಿರುವಾಗ ಕೇಳಿದಳು. ಪಾಪ, ಅವಳನ್ನೇನು ಅನ್ನುವುದು? ನನಗೇ ಕನ್ನಡಿ ಕಂಡರೆ ಆಗುತ್ತಿರಲಿಲ್ಲ. ಇದೆಲ್ಲ ಗುಳಿಗೆಯದೇ ಕೆಲಸ ಎಂದುಕೊಂಡೆ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಎಂದು ಡಾಕ್ಟರು ಮೊದಲೇ ತಾಕೀತು ಮಾಡಿದ್ದರು. ಆದರೂ ಒಳಗೊಳಗೇ ನಿಶ್ಚಯಿಸಿಬಿಟ್ಟೆ: ಅತ್ತೆಯ ಹರಕೆ ತೀರಲಿ, ಮರುದಿನದಿಂದ ಗುಳಿಗೆ ಬಂದ್. ಮತ್ತೆ ಆ ಕತ್ತಲೆಗೇ ಹೋದರೂ ಹೋದೇನು, ತೆಳ್ಳಗಾಗಿಯಾದರೂ ಹೋಗುತ್ತೇನಲ್ಲ! ಇಂಥ ಬುದ್ಧಿಗೆ ಏನನ್ನಬೇಕೋ ನೀವೇ ಹೇಳಿ.

ತುಲಾಭಾರದ ದಿನ ಖಾನಾಪುರದ ಮೇಲೆ ಮಂಜು ಇಳಿದಿತ್ತು. ಗುಡಿಯ ತೊಲೆಗೆ ದೊಡ್ಡ ತಕ್ಕಡಿ ತೂಗುಬಿಟ್ಟಿದ್ದರು. ಹಿಂದಿನ ರಾಜರು ಬಂಗಾರದಲ್ಲಿ ತೂಗಿಸಿಕೊಳ್ಳುತ್ತಿದ್ದರಂತೆ. ರಾಜ ದಪ್ಪಗಿದ್ದಷ್ಟೂ ದಾನ ದೊಡ್ಡದು, ಆದ್ದರಿಂದ ಯಾರೂ ಅವರಿಗೆ ಡಯಟ್ಟು ಹೇಳಿರಲಿಕ್ಕಿಲ್ಲ. ನಾನು ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ತಟ್ಟೆಯಲ್ಲಿ ಕೂತೆ. ಅತ್ತೆಯ ಗಂಡ, ನಮ್ಮ ಮಾಮಾ, ಎದುರಿನ ತಟ್ಟೆಗೆ ಅಕ್ಕಿ ಸುರಿಯತೊಡಗಿದರು. ಚೀಲಗಳೆಲ್ಲ ಬರಿದಾದವು. ನನ್ನ ತಟ್ಟೆ ನೆಲ ಬಿಟ್ಟು ಏಳಲಿಲ್ಲ. ನೆರೆದವರು ನಕ್ಕರು. ಮಾಮಾ ಸ್ಕೂಟರ್ ಹತ್ತಿ, ಮನೆಯ ಡಬ್ಬಿಯಲ್ಲಿದ್ದ ಅಕ್ಕಿ ತರಲು ಹೋದರು. ಕೂತವರು ನಡುವೆ ಏಳಬಾರದೆಂದು ನನ್ನನ್ನು ಅಲ್ಲಿಯೇ ಬಿಟ್ಟರು.

ಮೊದಲು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಧೂಪದ ಹೊಗೆಗೋ ಹೊರಗಿನ ಮಂಜಿಗೋ ಕಣ್ಣು ಎಳೆಯತೊಡಗಿದವು. ಗಂಟೆಯ ಸದ್ದು ಬೇರೆ ಯಾವುದೋ ಊರಿನಿಂದ ಬಂದಂತೆ ಕೇಳುತ್ತಿತ್ತು. ಎದುರಿನ ಬಿಳಿಯ ರಾಶಿ ನೋಡುತ್ತ ನೋಡುತ್ತ ಒಬ್ಬಳು ಹೆಂಗಸಾಯಿತು. ನನಗಿಂತ ತೆಳ್ಳಗಿದ್ದಳು. ಎಲ್ಲರೂ ಹೊಗಳುತ್ತಿದ್ದ, ನಿದ್ದೆಯಿಲ್ಲದ ಆ ವರ್ಷದ ಚೆಲುವೆ ನನ್ನನ್ನೇ ನೋಡುತ್ತ ಕೂತಂತಿತ್ತು. ಇಷ್ಟು ದಿನ ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗ ಎದ್ದು ಹೋಗಿ ಅವಳಿಗೊಂದು ತುತ್ತು ಉಣ್ಣಿಸಬೇಕು ಅನ್ನಿಸಿತು.

ಅಷ್ಟರಲ್ಲಿ ಅತ್ತೆ ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

“ನಾಚಿಕಿ ಆಗತೈತಿ ಅತ್ತಿ,” ಎಂದೆ ಮೆಲ್ಲಗೆ. “ನಾಳಿಂದ ಗುಳಿಗಿ ಬಿಡತೇನಿ.”

ಅತ್ತೆ ನೆಲಕ್ಕೆ ಚೆಲ್ಲಿದ್ದ ಅಕ್ಕಿಕಾಳುಗಳನ್ನು ಆಯ್ದು ಎದುರಿನ ತಟ್ಟೆಗೆ ಹಾಕಿದಳು. “ಈ ಅಕ್ಕಿ ಹರಕಿ ಹೊತ್ತ ದಿನಾನ ತಗದಿಟ್ಟಿದ್ದೆ. ಅವತ್ತಿನ ನಿನ್ನ ಮೈ ನೋಡಿ ಇಷ್ಟ ಸಾಕು ಅಂದ್ಕೊಂಡಿದ್ದೆ. ಖರೇ ಹೇಳ್ಲಿ? ಇಷ್ಟರ ಉಳೀತಾಳೋ ಇಲ್ಲೋ ಅಂತ ಅಂಜಿದ್ದೆ ನಾ. ಇವತ್ತ ಅಕ್ಕಿ ಕಮ್ಮಿ ಬಿತ್ತಲ್ಲ, ಈಗ ಜೀವ ತಣ್ಣಗಾತು ನೋಡ.”

ಮಾಮಾ ಬಂದು ಡಬ್ಬಿಯನ್ನು ಬೋರಲು ಹಾಕಿದರು. ನನ್ನ ತಟ್ಟೆ ಮೆಲ್ಲನೆ ನೆಲ ಬಿಟ್ಟಿತು. ಇಷ್ಟು ದೊಡ್ಡ ದೇಹ ಹೊತ್ತುಕೊಂಡು ನಾನು ಗಾಳಿಯಲ್ಲಿ ಕೂತಿದ್ದೆ, ಒಂಚೂರು ತೂಗುತ್ತಿದ್ದೆ ಕೂಡ. ಕೆಳಗೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಮರಾಠಿಯಲ್ಲಿ ದೇವಿಗೆ ಏನೇನೋ ಹೇಳುತ್ತಿದ್ದಳು. ತೂಕದ ಗೋಳು ಏನಿದ್ದರೂ ಇನ್ನು ಡಾಕ್ಟರ ಮುಂದೆಯೇ ಹೇಳಿಕೊಂಡರಾಯಿತು ಎಂದುಕೊಂಡೆ.

ಆ ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಅನ್ನಕ್ಕೆ ಒಂದು ಕಾಳು ಅಕ್ಕಿಯೂ ಉಳಿದಿರಲಿಲ್ಲ. ಅತ್ತೆ ಜೋಳದ ರೊಟ್ಟಿ ಬಡಿದಳು. ಉಂಡು, ಕೈ ತೊಳೆದು, ಗುಳಿಗೆ ನುಂಗಿದೆ. ಎಷ್ಟು ರೊಟ್ಟಿ ತಿಂದೆನೆಂದು ಅಲ್ಲಿ ಯಾರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.